ಮೋಟಾರು ಸೈಕಲ್ಲಿನ ಹೆಚ್ಚುವರಿ ದೀಪಗಳು

೨೦೨೪ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕರ್ನಾಟಕದ ಪೊಲೀಸರು, ಎದುರಿಗೆ ಬರುವವರ ಕಣ್ಣು ಕೋರೈಸುವಂಥ ದೀಪಗಳನ್ನು ಹಚ್ಚಿಕೊಂಡು ತಿರುಗುವ ವಾಹನಗಳ ಮೇಲೆ ಮೊಕದ್ದಮೆ ಹೂಡುವ ವಿಶೇಷ ಕಾರ್ಯವನ್ನು ಕೈಕೊಂಡದ್ದು ವಾಚಕರ ನೆನಪಿನಲ್ಲಿರಬಹುದು. ರಾತ್ರಿಯ ಹೊತ್ತು ಹೆದ್ದಾರಿಯ ಅಂಚನ್ನು ಹಿಡಿದು ನಡೆಯುವವನೂ, ಹೊಲದಿಂದ ಸೈಕಲ್ಲಿನ ಮೇಲೆ ಮನೆಗೆ ಮರಳುವ ರೈತನೂ, ಐವತ್ತು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡಿರುವ ಬಸ್ಸಿನ ಚಾಲಕನೂ ಈ ಕ್ರಮವನ್ನು ಮನಃಪೂರ್ವಕವಾಗಿ ಸ್ವಾಗತಿಸುವದು ಸಹಜವೇ ಆಗಿದೆ. ನಾವೂ ಸ್ವಾಗತಿಸುತ್ತೇವೆ. ಆದರೆ ಈ ಪ್ರಶ್ನೆಯಲ್ಲಿ ಕೇಳಬೇಕಾದ ಇನ್ನೊಂದು ಪಕ್ಷವೂ ಉಂಟು. ಮೋಟಾರು ಸೈಕಲ್ಲಿನ ಮೇಲೆ ದೂರದ ಪ್ರವಾಸ ಮಾಡುವವರ ಸಂಖ್ಯೆಯು ನಮ್ಮ ನಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲಿದ್ದು, ಇವರಲ್ಲಿ ಅನೇಕರು ತಮ್ಮ ವಾಹನಕ್ಕೆ ಒಂದು ಜೊತೆ ಹೆಚ್ಚುವರಿ ದೀಪಗಳನ್ನು ಕೂಡಿಸಿಕೊಳ್ಳುತ್ತಾರೆ. ಅವರೆಲ್ಲರೂ ಉದ್ಧಟರೆಂದು ಭಾವಿಸುವದು ನ್ಯಾಯವಲ್ಲ. ಅವರಿಗೆ ಬೆಳಕು ಬೇಕಾಗಿದೆ. ಯಾವ ಬೆಳಕು, ಎಷ್ಟು, ಎಲ್ಲಿ ಎಂಬದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಬೆಳಕು ಬೇಕೆಂಬದರಲ್ಲಿ ಸಂಶಯವಿಲ್ಲ. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಸವಾರನು ಸೆಕೆಂಡಿಗೆ ೨೨ ಮೀಟರಿನಷ್ಟು ನೆಲವನ್ನು ದಾಟುತ್ತಾನೆ. ದಾರಿಯಲ್ಲಿ ಬಿದ್ದಿರುವ ಕಲ್ಲನ್ನು ಕಂಡು, ಅದು ಕಲ್ಲೆಂದು ತಿಳಿದು, ಬ್ರೇಕಿಗೆ ಕೈಹಾಕುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ ಅಲ್ಲಿಗೇ ೩೩ ಮೀಟರು ಮುಗಿಯಿತು. ಒಣಗಿದ ಒಳ್ಳೆಯ ರಸ್ತೆಯ ಮೇಲೆ ವಾಹನವು ನಿಲ್ಲಲು ಮುಂದೆ ಇನ್ನೂ ೪೦ ಮೀಟರು ಬೇಕು. ಅಂದರೆ ಒಟ್ಟು ೭೫ ಮೀಟರಿನ ಆಚೆಗಿನ ವಸ್ತು ಕಾಣದಿದ್ದರೆ ಅವನು ಕುರುಡನಾಗಿ ಓಡುತ್ತಿದ್ದಾನೆಂದೇ ಅರ್ಥ. ಡಿಮ್ಮು ಮಾಡಿದ ಸಾಧಾರಣ ಹೆಡ್‌ಲೈಟಿನ ಬೆಳಕಿನಲ್ಲಿ ಕಪ್ಪು ಬಟ್ಟೆ ತೊಟ್ಟ ಮನುಷ್ಯನು ಅಷ್ಟು ದೂರದಿಂದ ಕಾಣುವದಿಲ್ಲ. ಇನ್ನು ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆಯ ಘಟ್ಟಗಳನ್ನು ಇಳಿಯುವವರ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಒದ್ದೆಯಾದ ಡಾಂಬರು ದೀಪದ ಬೆಳಕನ್ನು ಮುಂದಕ್ಕೇ ಜಾರಿಸಿಬಿಡುತ್ತದೆ. ಸವಾರನ ಕಣ್ಣಿಗೆ ಹಿಂದಿರುಗಿ ಬರುವದು ಅತ್ಯಲ್ಪ.

ಕೇಂದ್ರ ಸರಕಾರದ ಸಾರಿಗೆ ಮಂತ್ರಾಲಯದ ಲೆಕ್ಕದ ಪ್ರಕಾರ ೨೦೨೨ರಲ್ಲಿ ದೇಶದ ರಸ್ತೆಗಳ ಮೇಲೆ ೧,೬೮,೪೯೧ ಜನರು ಮಡಿದರು. ಅವರಲ್ಲಿ ನೂರಕ್ಕೆ ೪೪ಕ್ಕಿಂತ ಹೆಚ್ಚು ಮಂದಿ ಎರಡು ಗಾಲಿಯ ವಾಹನಗಳ ಮೇಲಿದ್ದವರು. ದಿನದ ಬೇರೆ ಹೊತ್ತುಗಳಿಗಿಂತ ಸಾಯಂಕಾಲ ೬ರಿಂದ ೯ರ ವರೆಗಿನ ಮೂರು ತಾಸುಗಳಲ್ಲಿಯೇ ಅತಿ ಹೆಚ್ಚು, ಎಂದರೆ ಒಟ್ಟಿನಲ್ಲಿ ಸುಮಾರು ಐದನೆಯ ಒಂದು ಪಾಲು, ಅಪಘಾತಗಳು ಸಂಭವಿಸಿದವು. ಆ ಹೊತ್ತಿನಲ್ಲಿ ಜನಸಂಚಾರವೂ ಅಧಿಕವಾಗಿರುವದರಿಂದ ಎಲ್ಲ ದೋಷವನ್ನೂ ಕತ್ತಲೆಯ ಮೇಲೆ ಹೊರಿಸಲಾಗದು. ಆದರೂ ಕತ್ತಲೆಯು ನಿರ್ದೋಷಿಯೆಂದು ಯಾರೂ ವಾದಿಸಲಾರರು.

ಇಷ್ಟು ಅಗತ್ಯವಿರುವ ವಸ್ತುವಿನ ಬಗ್ಗೆ ಕಾನೂನು ಏನೆನ್ನುತ್ತದೆ? ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೬ನೆಯದು ಬಹು ಸ್ಪಷ್ಟವಾಗಿದೆ. ಮುಂದಿನ ದೀಪದಿಂದ ೮ ಮೀಟರು ದೂರದಲ್ಲಿ, ಅದರ ಬಲಕ್ಕೆ ಅರ್ಧ ಮೀಟರು ಸರಿದು, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣುಳ್ಳ ಯಾವ ಮನುಷ್ಯನಿಗೂ ಆ ಬೆಳಕು ಕೋರೈಸಬಾರದು. ಇದು ಅಳೆದು ನೋಡಬಹುದಾದ ನಿಯಮ, ಒಳ್ಳೆಯ ನಿಯಮ. ಆದರೆ ೧೧೧ನೆಯ ನಿಯಮವು ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟು, ಸರ್ಚ್ ಲೈಟುಗಳನ್ನು, ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ, ಅದೂ ಅಸಾಧಾರಣ ಸಂದರ್ಭಗಳ ಹೊರತು, ಇಡಲೇಬಾರದೆಂದು ಹೇಳುತ್ತದೆ. ಸ್ಪಾಟ್ ಲೈಟೆಂದರೆ ಯಾವದು, ಫಾಗ್ ಲ್ಯಾಂಪೆಂದರೆ ಯಾವದು ಎಂಬದನ್ನು ರಸ್ತೆಯ ಬದಿಯಲ್ಲಿ ನಿಂತ ಪೇದೆಯು ಯಾವ ಅಳತೆಗೋಲಿನಿಂದ ತೀರ್ಮಾನಿಸಬೇಕು? ಇದರ ಜೊತೆಗೆ ೧೯೮೮ರ ಕಾಯಿದೆಯ ೫೨ನೆಯ ಕಲಮು ವಾಹನದ ರಚನೆಯನ್ನು ಮಾರ್ಪಡಿಸುವದನ್ನು ನಿರ್ಬಂಧಿಸಿದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ೧೮೨ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ವರೆಗಿನ ಸೆರೆಮನೆ, ಇಲ್ಲವೆ ಎರಡೂ ಉಂಟು. ಎರಡು ಬೋಲ್ಟು ಬಿಗಿದು ಕೂಡಿಸಿದ ದೀಪವು ರಚನೆಯ ಮಾರ್ಪಾಟೇ ಅಲ್ಲವೇ ಎಂಬದು ಕೊನೆಗೆ ಇನ್‌ಸ್ಪೆಕ್ಟರರ ಮರ್ಜಿಗೆ ಬಿಟ್ಟ ಮಾತಾಗಿದೆ. ಕೆಲವು ತಯಾರಕರು ಇಂಥ ದೀಪಗಳನ್ನು ತಮ್ಮ ಅಧಿಕೃತ ಪರಿಕರವೆಂದು ಅಂಗಡಿಯಲ್ಲಿಯೇ ಮಾರುತ್ತಿರುವಾಗ, ಕೊಂಡವನು ಮುಂದಿನ ನಾಕೆಯಲ್ಲಿ ಅಪರಾಧಿಯಾಗಬಹುದೆಂಬದು ವಿಚಿತ್ರವಲ್ಲವೆ?

ಪೇಟೆಯ ವಸ್ತುಸ್ಥಿತಿಯಾದರೋ ಇನ್ನೂ ಶೋಚನೀಯ. ಹತ್ತು ಸಾವಿರ, ಇಪ್ಪತ್ತು ಸಾವಿರ ಲ್ಯೂಮೆನ್ ಬೆಳಕೆಂದು ಡಬ್ಬಿಯ ಮೇಲೆ ಅಚ್ಚುಹಾಕಿದ, ಮಾಡಿದವನ ಹೆಸರೂ ವಿಳಾಸವೂ ಇಲ್ಲದ ಎಲ್‌ಇಡಿ ದೀಪಗಳು ಕೆಲವು ನೂರು ರೂಪಾಯಿಗಳಿಗೆ ಮಾರಾಟವಾಗುತ್ತಿವೆ. ಇವುಗಳಲ್ಲಿ ಬಹುಪಾಲು ಸುಳ್ಳೆಂಬದನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ವಾಹನಕ್ಕೆ ಹಾಕುವ ಎಲ್‌ಇಡಿಯು ಒಂದು ವ್ಯಾಟು ವಿದ್ಯುತ್ತಿಗೆ ನೂರು, ಹೆಚ್ಚೆಂದರೆ ನೂರೈವತ್ತು ಲ್ಯೂಮೆನ್ ಬೆಳಕನ್ನು ಕೊಡಬಲ್ಲದು. ೨೦ ವ್ಯಾಟಿನ ದೀಪವು ಎರಡು-ಮೂರು ಸಾವಿರ ಕೊಟ್ಟರೆ ಅದು ಪ್ರಾಮಾಣಿಕವಾದದ್ದು. ಬಹುಕಾಲದಿಂದ ನಮ್ಮ ವಾಹನಗಳಲ್ಲಿರುವ ಎಚ್೪ ಎಂಬ ಹ್ಯಾಲೊಜನ್ ಬಲ್ಬು ಡಿಮ್ಮಿನಲ್ಲಿ ಕೊಡುವದು ಸುಮಾರು ೧,೦೦೦ ಲ್ಯೂಮೆನ್, ಹೈ ಬೀಮಿನಲ್ಲಿ ೧,೬೫೦ ಮಾತ್ರವೆಂಬದನ್ನು ನೆನೆದರೆ, ಒಂದು ಜೊತೆ ಸಣ್ಣ ದೀಪವೇ ಸಾಕೆಂಬದು ವಿದಿತವಾಗುವದು. ಅಲ್ಲದೆ ಒಟ್ಟು ಬೆಳಕು ಎಷ್ಟೆಂಬದಕ್ಕಿಂತ ಅದು ಎತ್ತ ಬೀಳುತ್ತದೆಂಬದೇ ಮುಖ್ಯ. ಕನ್ನಡಿಯೂ ಗಾಜೂ ಸರಿಯಿಲ್ಲದ ದೀಪದ ಬೆಳಕಿನಲ್ಲಿ ಅರ್ಧ ಮರದ ಕೊಂಬೆಗಳಿಗೆ, ಕಾಲುಭಾಗ ಎದುರಿನವನ ಕಣ್ಣಿಗೆ ಹೋಗಿ, ಉಳಿದದ್ದು ರಸ್ತೆಗೆ ಸಿಕ್ಕೀತು.

ಆದ್ದರಿಂದ ಕೊಳ್ಳುವವನು ಮೊದಲು ಕೇಳಬೇಕಾದದ್ದು ಬೆಳಕಿನ ಆಕಾರವನ್ನು. ಕಿರಿದಾಗಿ ದೂರಕ್ಕೆ ಚಾಚುವ ದೀಪವೊಂದು ಬಗೆ. ಇದು ಬಯಲುಸೀಮೆಯ ನೇರವಾದ ಖಾಲಿ ರಸ್ತೆಗೆ ಮಾತ್ರ, ಅದೂ ಹೈ ಬೀಮಿನ ಸಂಗಾತಿಯಾಗಿ ಮಾತ್ರ, ಉಪಯುಕ್ತ. ಅಗಲವಾಗಿ ಹರಡಿ, ಮೇಲ್ಭಾಗದಲ್ಲಿ ಕತ್ತರಿಸಿದಂತೆ ನಿಲ್ಲುವ ಬೆಳಕು ಇನ್ನೊಂದು ಬಗೆ; ಇದೇ ನಿಜವಾದ ಫಾಗ್ ಲ್ಯಾಂಪು. ನಮ್ಮ ಘಟ್ಟದ ದಾರಿಗಳಿಗೆ ಎರಡನೆಯದೇ ಶ್ರೇಷ್ಠವೆಂಬದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣವೂ ಉಂಟು. ಮೋಟಾರು ಸೈಕಲ್ಲು ಎಡಕ್ಕೆ ತಿರುಗುವಾಗ ಎಡಕ್ಕೇ ವಾಲುತ್ತದೆ. ಅದರೊಡನೆ ಹೆಡ್‌ಲೈಟೂ ವಾಲುವದರಿಂದ ಬೆಳಕಿನ ಎಡ ಅಂಚು ತಗ್ಗಿ, ತಿರುವಿನ ಒಳಭಾಗ ಕತ್ತಲೆಯಾಗಿ, ಬಲ ಅಂಚು ಎದ್ದು ಎದುರಿನವನ ಮುಖಕ್ಕೆ ಹೊಡೆಯುತ್ತದೆ. ಕಾರಿಗಿಲ್ಲದ ಈ ಕಷ್ಟ ಎರಡು ಗಾಲಿಯವನಿಗೆ ಹುಟ್ಟಿನಿಂದಲೇ ಬಂದದ್ದು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಸವಾರನಿಗೆ ಬೇಕಾದದ್ದು ನೂರು ಮೀಟರು ಆಚೆಯ ಬೆಳಕಲ್ಲ, ಮಗ್ಗುಲಿನ ಹತ್ತು ಮೀಟರಿನದು.

ಮಂಜಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯು ಎಲ್ಲೆಡೆ ಹಬ್ಬಿದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬದೇ ಆ ನಂಬಿಕೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡವಾದದ್ದರಿಂದ ಅವು ಬಿಳಿ, ಹಳದಿ ಎಂಬ ಭೇದವೆಣಿಸದೆ ಎಲ್ಲವನ್ನೂ ಚದರಿಸುತ್ತವೆ. ಫ್ರಾನ್ಸ್ ದೇಶದಲ್ಲಿ ೧೯೩೦ರ ದಶಕದಿಂದ ೧೯೯೩ರ ವರೆಗೆ ಹಳದಿ ಹೆಡ್‌ಲೈಟುಗಳು ಕಡ್ಡಾಯವಾಗಿದ್ದು, ಆಮೇಲೆ ಯೂರೋಪಿನ ಉಳಿದ ದೇಶಗಳಂತೆ ಬಿಳಿಯ ಬೆಳಕಿಗೆ ತಿರುಗಿದ್ದನ್ನು ಇಲ್ಲಿ ಸ್ಮರಿಸಬಹುದು. ಹಳದಿಯ ಗುಣವೇನಿದ್ದರೂ ನೀಲಿಯ ಛಾಯೆ ಕಡಿಮೆಯಾಗಿ ಕಣ್ಣಿಗೆ ತುಸು ಹಿತವಾಗಿರುವದರಲ್ಲಿದೆ. ಮಂಜಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವದು ಬಣ್ಣವಲ್ಲ, ಸ್ಥಾನ. ಸವಾರನ ಕಣ್ಣಿನಿಂದ ದೀಪವು ಎಷ್ಟು ಕೆಳಗಿದ್ದರೆ, ಹನಿಗಳಿಂದ ಹಿಂದಿರುಗುವ ಬಿಳಿಯ ಪರದೆಯು ದೃಷ್ಟಿಗೆ ಅಷ್ಟು ಕಡಿಮೆ ಅಡ್ಡಬರುತ್ತದೆ. ನೀಲಿ ಮಿಶ್ರಿತ ಬಿಳಿಯ ಬೆಳಕನ್ನು ಮಾತ್ರ ಯಾವ ಋತುವಿಗೂ ನಾವು ಶಿಫಾರಸು ಮಾಡೆವು.

ಹೀಗೆ ಕೂಡಿಸುವ ಸ್ಥಳದ ಮಾತಿಗೆ ಬರೋಣ. ಹೆಡ್‌ಲೈಟಿಗಿಂತ ಮೇಲೆ, ಕನ್ನಡಿಯ ಕಾಲಿಗೆ ಇಲ್ಲವೆ ಹ್ಯಾಂಡಲಿನ ಮೇಲೆ, ದೀಪ ಕಟ್ಟಿಕೊಂಡು ಬರುವವರನ್ನು ದಿನವೂ ನೋಡುತ್ತೇವೆ; ಇದಕ್ಕಿಂತ ಕೆಟ್ಟ ಸ್ಥಳ ಇನ್ನೊಂದಿಲ್ಲ. ಇಂಜಿನ್ನಿನ ಎರಡು ಬದಿಗೆ ಇರುವ ಕ್ರ್ಯಾಶ್ ಗಾರ್ಡಿನ ಮೇಲೆ ಕೂಡಿಸಿದರೆ ಎತ್ತರವೂ ಹದವಾಗಿ, ಎರಡರ ನಡುವೆ ಅಂತರವೂ ಸಿಗುತ್ತದೆ. ಈ ಅಂತರದಿಂದ ಇನ್ನೊಂದು ಲಾಭವಿದೆ. ಕತ್ತಲೆಯಲ್ಲಿ ಬರುವ ಒಂಟಿ ದೀಪವು ಎಷ್ಟು ದೂರವಿದೆ, ಎಷ್ಟು ವೇಗದಿಂದ ಬರುತ್ತಿದೆ ಎಂಬದನ್ನು ಎದುರಿನವನು ಅಂದಾಜು ಮಾಡಲಾರ. ಮೇಲೊಂದು, ಕೆಳಗೆರಡು, ಹೀಗೆ ತ್ರಿಕೋನವಾಗಿ ಕಂಡ ದೀಪಗಳು ಸಮೀಪಿಸಿದಂತೆ ಅಗಲವಾಗುತ್ತ ಬರುವದರಿಂದ ಅವನಿಗೆ ಅಳತೆ ಸಿಗುತ್ತದೆ. ೨೦೧೭ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಎರಡು ಗಾಲಿಯ ವಾಹನಗಳ ಹೆಡ್‌ಲೈಟು ಹಗಲೂ ಉರಿಯುವಂತೆ ಮಾಡಿದ್ದರ ಉದ್ದೇಶವೂ ಇತರರಿಗೆ ಕಾಣಿಸಿಕೊಳ್ಳುವದೇ ಆಗಿತ್ತು. ಆದರೆ ಗಾರ್ಡು ಸಡಿಲವಾಗಿದ್ದರೆ ದೀಪವು ನಡುಗುವದು. ಮುಂದಿನ ಫೋರ್ಕಿನ ಮೇಲೆ ಕೂಡಿಸಿದ ದೀಪವು ಹ್ಯಾಂಡಲಿನೊಡನೆ ತಿರುಗುವದರಿಂದ ನಿಧಾನವಾದ ಹೇರ್‌ಪಿನ್ ತಿರುವುಗಳಲ್ಲಿ ಒಳ್ಳೆಯದೇ. ಆದರೆ ಫೋರ್ಕು ಪೂರ್ತಿ ಕುಸಿದಾಗ ಮಡ್‌ಗಾರ್ಡಿಗೆ ತಾಗೀತೇ, ರೇಡಿಯೇಟರಿನ ಗಾಳಿಗೆ ಅಡ್ಡವಾದೀತೇ, ಸೈಡ್ ಇಂಡಿಕೇಟರನ್ನು ಮರೆಮಾಡೀತೇ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು.

ಇನ್ನು ದೀಪವನ್ನು ಗುರಿಹಿಡಿದು ನಿಲ್ಲಿಸುವದು. ಈ ಸಾಹಸದ ಸಕಲ ಪಾಪಪುಣ್ಯವೂ ಇಲ್ಲಿಯೇ ಅಡಗಿದೆಯೆಂದರೆ ಉತ್ಪ್ರೇಕ್ಷೆಯಲ್ಲ. ನೆಲದಿಂದ ೭೦ ಸೆಂಟಿಮೀಟರು ಎತ್ತರದಲ್ಲಿರುವ ದೀಪದ ಬೆಳಕಿನ ಮೇಲಂಚು ನೂರಕ್ಕೆ ಒಂದರಂತೆ ಇಳಿಯುವ ಹಾಗೆ ಮಾಡಿದರೆ ಅದು ೭೦ ಮೀಟರು ದೂರದಲ್ಲಿ ನೆಲವನ್ನು ಮುಟ್ಟುವದು; ನೂರಕ್ಕೆ ಎರಡರಂತೆ ಇಳಿಸಿದರೆ ೩೫ ಮೀಟರಿನಲ್ಲಿ. ಸಮನೆಲದ ಮೇಲೆ, ಗೋಡೆಯಿಂದ ೮ ಮೀಟರು ಹಿಂದೆ ವಾಹನವನ್ನು ನೆಟ್ಟಗೆ ನಿಲ್ಲಿಸಿ, ದೀಪದ ಎತ್ತರಕ್ಕಿಂತ ೮ ಇಲ್ಲವೆ ೧೬ ಸೆಂಟಿಮೀಟರು ಕೆಳಗೆ ಸುಣ್ಣದ ಗೆರೆ ಎಳೆದರೆ ಸಾಕು; ಯಂತ್ರವೇನೂ ಬೇಡ. ಆದರೆ ಇದನ್ನು ಬರಿದಾದ ವಾಹನದ ಮೇಲೆ ಮಾಡಿದರೆ ವ್ಯರ್ಥ. ಪ್ರವಾಸಕ್ಕೆ ಹೊರಟವನು ಹಿಂದೆ ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿ, ಎರಡು ಕಡೆ ಚೀಲ ಕಟ್ಟಿಕೊಂಡಾಗ ಹಿಂಭಾಗವು ಮುಂಭಾಗಕ್ಕಿಂತ ೩ ಸೆಂಟಿಮೀಟರು ಹೆಚ್ಚು ಕುಸಿಯಿತೆನ್ನಿರಿ. ಎರಡು ಗಾಲಿಗಳ ನಡುವಿನ ೧.೪ ಮೀಟರು ಅಂತರಕ್ಕೆ ಇದು ನೂರಕ್ಕೆ ಎರಡರಷ್ಟು ಏರಿಕೆ. ನೂರಕ್ಕೆ ಒಂದು ಇಳಿಯುತ್ತಿದ್ದ ಬೆಳಕು ಈಗ ನೂರಕ್ಕೆ ಒಂದು ಏರುತ್ತ, ೫೦ ಮೀಟರು ದೂರದಲ್ಲಿ ನೆಲದಿಂದ ಸುಮಾರು ೧೨೫ ಸೆಂಟಿಮೀಟರು ಎತ್ತರದಲ್ಲಿರುವದು. ಎದುರಿನ ಕಾರಿನ ಚಾಲಕನ ಕಣ್ಣೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ! ಸವಾರನು ತಾನು ನಿಯಮಪಾಲಕನೆಂದೇ ತಿಳಿದಿದ್ದಾನೆ. ಎದುರಿನವನು ಮಾತ್ರ ಶಪಿಸುತ್ತಾನೆ. ಆದ್ದರಿಂದ ಹೊರೆ ಹೇರಿ, ಜನರನ್ನು ಕೂರಿಸಿ, ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಹೊರೆಗೆ ತಕ್ಕಂತೆ ಬಿಗಿಗೊಳಿಸಿದ ಮೇಲೆಯೇ ಗೆರೆ ನೋಡತಕ್ಕದ್ದು.

ವಿದ್ಯುತ್ತಿನ ಜೋಡಣೆಯಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹಿಂದೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಗಳ ೬ ವೋಲ್ಟಿನ ದೀಪವನ್ನು ನೆಚ್ಚಿಕೊಂಡು ಊಟಿಯ ದಾರಿ ಹಿಡಿದ ಹಿರಿಯರು ಇಂದಿನ ಸೌಕರ್ಯವನ್ನು ನೋಡಿ ನಕ್ಕಾರು. ಈಗ ೨೦ ವ್ಯಾಟಿನ ಎರಡು ಎಲ್‌ಇಡಿ ದೀಪಗಳು ಎಳೆಯುವದು ಮೂರು ಆಂಪಿಯರು ಮಾತ್ರ. ಹಳೆಯ ೫೫ ವ್ಯಾಟಿನ ಹ್ಯಾಲೊಜನ್ ಜೊತೆಯಾದರೆ ಇದರ ಎರಡೂವರೆ ಪಾಲಿಗಿಂತ ಹೆಚ್ಚು ಬೇಕಾಗಿ, ಬ್ಯಾಟರಿಯು ಬಡವಾಗುತ್ತಿತ್ತು. ಆದರೂ ಹೆಡ್‌ಲೈಟಿನ ತಂತಿಯನ್ನು ಕತ್ತರಿಸಿ, ಟೇಪು ಸುತ್ತಿ ಬಿಡುವ ಪದ್ಧತಿ ಅಪಾಯಕರವಾದದ್ದು. ಬ್ಯಾಟರಿಯಿಂದ ಪ್ರತ್ಯೇಕ ತಂತಿ, ಅದರ ಮೊದಲ ಗೇಣಿನಲ್ಲಿಯೇ ಐದು ಆಂಪಿಯರಿನ ಫ್ಯೂಜು, ನಡುವೆ ರಿಲೇ, ಇಗ್ನಿಷನ್ ತೆಗೆದಾಗ ತಾನಾಗಿ ಆರುವಂಥ ಸ್ವಿಚ್ಚು, ಇಷ್ಟಿರಬೇಕು. ದೂರಕ್ಕೆ ಚಾಚುವ ದೀಪವಿದ್ದರೆ ಅದರ ರಿಲೇಯನ್ನು ಹೈ ಬೀಮಿನ ತಂತಿಗೇ ಕಟ್ಟತಕ್ಕದ್ದು. ಹೆಬ್ಬೆರಳಿನಿಂದ ಡಿಮ್ಮು ಮಾಡಿದೊಡನೆ ಅದೂ ಆರಬೇಕು. ಬೇರೆ ಸ್ವಿಚ್ಚಿಟ್ಟುಕೊಂಡು, ಎದುರಿಗೆ ವಾಹನ ಬಂದಾಗ ಆರಿಸುತ್ತೇನೆಂದು ಹೇಳುವವನ ಸದುದ್ದೇಶವನ್ನು ನಾವು ಶಂಕಿಸುವದಿಲ್ಲ, ಸ್ಮರಣೆಯನ್ನು ಶಂಕಿಸುತ್ತೇವೆ. ಕೋರೈಸಿದ ಕಣ್ಣು ತಿಳಿಯಾಗಲು ಕೆಲವು ಸೆಕೆಂಡುಗಳು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಗಂಟೆಗೆ ೬೦ ಕಿಲೋಮೀಟರಿನ ವೇಗದಲ್ಲಿ ಮೂರು ಸೆಕೆಂಡಿಗೆ ೫೦ ಮೀಟರು ದಾರಿ ಕಣ್ಣಿಲ್ಲದೆ ಸಾಗಿರುತ್ತದೆ.

ಬೆಳಕಿಗೆ ಬೆದರುವದು ಮನುಷ್ಯರಷ್ಟೇ ಅಲ್ಲ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗಿನ ೬ರ ವರೆಗೆ ಸಂಚಾರವನ್ನು ೨೦೦೯ರಲ್ಲಿ ನಿಷೇಧಿಸಿದ್ದನ್ನು ಉಚ್ಚ ನ್ಯಾಯಾಲಯವು ೨೦೧೦ರಲ್ಲಿ ಎತ್ತಿಹಿಡಿಯಿತು. ಕಾಡಿನ ಅಂಚಿನ ಉಳಿದ ದಾರಿಗಳಲ್ಲಿ ಸವಾರರು ತಾವಾಗಿಯೇ ವೇಗವನ್ನು ತಗ್ಗಿಸಿ, ದೂರದ ದೀಪವನ್ನು ಆರಿಸಿಕೊಂಡರೆ ಆನೆಗೂ ಕ್ಷೇಮ, ಅವರಿಗೂ ಕ್ಷೇಮ.

ಈಗ ಸರಕಾರದ ಕರ್ತವ್ಯದ ಮಾತು. ಬಿಡಿಯಾಗಿ ಮಾರುವ ದೀಪಗಳಿಗೆ ಯೂರೋಪಿನಲ್ಲಿ ಪರೀಕ್ಷೆಯಿದ್ದು, ಉತ್ತೀರ್ಣವಾದ ದೀಪದ ಗಾಜಿನ ಮೇಲೆ ವೃತ್ತದೊಳಗೆ 'ಇ' ಎಂಬ ರೋಮನ್ ಅಕ್ಷರವೂ ಒಂದು ಅಂಕಿಯೂ ಇರುತ್ತವೆ. ನಮ್ಮ ಕೊಳ್ಳುವವನು ಇಂದು ಆ ಪರದೇಶದ ಗುರುತನ್ನೇ ಹುಡುಕಬೇಕಾಗಿದೆ. ಪುಣೆಯಲ್ಲಿ ೧೯೬೬ರಿಂದ ವಾಹನಗಳನ್ನೂ ಅವುಗಳ ಭಾಗಗಳನ್ನೂ ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆಯಿರುವಾಗ, ದೀಪ ಮಾಡಬಲ್ಲ ಸ್ವದೇಶೀ ಕಾರ್ಖಾನೆಗಳಿರುವಾಗ, ಈ ಪರಾಧೀನತೆ ಏಕೆ? ಹೆಲ್ಮೆಟ್ಟಿನ ವಿಷಯದಲ್ಲಿ ೨೦೨೧ರ ಜೂನ್ ೧ರಿಂದ ಐಎಸ್ಐ ಗುರುತಿಲ್ಲದ್ದನ್ನು ತಯಾರಿಸುವದನ್ನೂ ಮಾರುವದನ್ನೂ ನಿಷೇಧಿಸಿದ ಸರಕಾರಕ್ಕೆ ದೀಪದ ವಿಷಯದಲ್ಲಿ ಅದೇ ಹೆಜ್ಜೆಯಿಡುವದು ಅಸಾಧ್ಯವೇನಲ್ಲ. ಗುರುತಿಲ್ಲದ ದೀಪವನ್ನು ಮಾರಿದ ಅಂಗಡಿಯವನನ್ನು ಬಿಟ್ಟು ಕೊಂಡವನಿಂದ ಮಾತ್ರ ದಂಡ ವಸೂಲು ಮಾಡುವದು ಬೊಕ್ಕಸಕ್ಕೆ ಹಿತವಾಗಬಹುದು, ರಸ್ತೆಗೆ ಅಲ್ಲ.

೧೯೦೫ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದಾಗ ಆ ಬೆಳಕು ದಾರಿಹೋಕರೆಲ್ಲರದೂ ಆಗಿತ್ತು. ಇಂದು ಹೆದ್ದಾರಿಯ ಅಂಚಿನ ಬಿಳಿಯ ಗೆರೆ ಅಳಿಸಿ ಹೋಗಿ, ತಿರುವಿನ ಪ್ರತಿಫಲಕಗಳು ಮಣ್ಣು ಮೆತ್ತಿಕೊಂಡಿರುವದರಿಂದಲೇ ಪ್ರತಿಯೊಬ್ಬ ಸವಾರನೂ ತನ್ನ ಪಾಲಿನ ಸೂರ್ಯನನ್ನು ತಾನೇ ಹೊತ್ತು ತಿರುಗಬೇಕಾಗಿ ಬಂದಿದೆ. ಘಟ್ಟದ ರಸ್ತೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಗೆರೆ ಬಳಿದು, ಪ್ರತಿಫಲಕಗಳನ್ನು ತೊಳೆಸಿದರೆ ಹೆಚ್ಚುವರಿ ದೀಪಗಳ ಹಂಬಲವು ಅರ್ಧಕ್ಕಿಳಿದೀತು. ಇದಕ್ಕೆ ಹೊಸ ಕಾಯಿದೆ ಬೇಡ, ಲೋಕೋಪಯೋಗಿ ಇಲಾಖೆಯವರು ಬಕೆಟ್ಟು ಹಿಡಿದರೆ ಸಾಕು.

ಸಾರಿಗೆ ಇಲಾಖೆಯವರು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಇಲ್ಲಿ ಸೂಚಿಸುತ್ತೇವೆ. ಹೊಗೆಯ ತಪಾಸಣೆಯ ಕೇಂದ್ರಗಳು ಊರೂರಿಗೂ ಇವೆ. ಪ್ರತಿಯೊಂದು ವಾಹನವೂ ಕಾಲಕಾಲಕ್ಕೆ ಅಲ್ಲಿಗೆ ಹೋಗಲೇಬೇಕು. ಆ ಕೇಂದ್ರಗಳ ಗೋಡೆಯ ಮೇಲೆ ೧೦೬ನೆಯ ನಿಯಮದ ಅಳತೆಯಂತೆ ಗೆರೆಗಳನ್ನು ಎಳೆಸಿ, ೮ ಮೀಟರು ದೂರದಲ್ಲಿ ನೆಲಕ್ಕೊಂದು ಗುರುತು ಹಾಕಿಸಿ, ಬಂದ ವಾಹನದ ದೀಪಗಳನ್ನು ಹಚ್ಚಿ ನೋಡಿ, ತಪ್ಪಿದ್ದರೆ ಸ್ಕ್ರೂ ತಿರುಗಿಸಿ ಸರಿಪಡಿಸಿ ಕಳಿಸುವಂತೆ ಆಜ್ಞೆ ಮಾಡಲಿ. ಹಾಗೆಯೇ ೧೧೧ನೆಯ ನಿಯಮದಂತೆ ಅನುಮತಿಯನ್ನು ಯಾರಿಗೆ, ಯಾವ ದೀಪಕ್ಕೆ, ಯಾವ ಶರತ್ತಿನ ಮೇಲೆ ಕೊಡಲಾಗುವದೆಂಬದನ್ನು ಕನ್ನಡದಲ್ಲಿ ಬರೆದು ಪ್ರತಿಯೊಂದು ಪ್ರಾದೇಶಿಕ ಸಾರಿಗೆ ಕಚೇರಿಯ ಬಾಗಿಲಲ್ಲಿ ತೂಗಹಾಕಲಿ. ಆಮೇಲೂ ಕೋರೈಸುವ ದೀಪ ಹಚ್ಚಿಕೊಂಡು ಬಂದವನಿಂದ ಪೂರ್ತಿ ದಂಡವನ್ನು ವಸೂಲು ಮಾಡಿದರೆ ನಮ್ಮ ಆಕ್ಷೇಪಣೆಯೇನೂ ಇರುವದಿಲ್ಲ.